ರಸ್ತೆ ಅಗಲವಾದರೆ ಸಾಲದು, ಓಣಿಯ ಕೊನೆಯ ಮನೆಗೂ ನೆರವು ತಲುಪಬೇಕು

ಹಾವೇರಿ: ಬ್ಯಾಡಗಿ ಪಟ್ಟಣದ ಮುಖ್ಯರಸ್ತೆ ವಿಸ್ತರಣೆಯ ಪ್ರಶ್ನೆ ವರ್ಷಗಟ್ಟಲೆ ಮನವಿ, ಧರಣಿ, ಬಂದ್‌ಗಳನ್ನು ಕಂಡು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ರಸ್ತೆ ಎಷ್ಟು ಅಡಿ ಅಗಲವಾಗಬೇಕು, ಯಾರ ಕಟ್ಟಡ ಎಷ್ಟು ಹೋಗುತ್ತದೆ, ಪರಿಹಾರ ಎಷ್ಟು ಎಂಬುದು ಇಂಥ ಸಂದರ್ಭಗಳಲ್ಲಿ ಏಳುವ ಸಹಜ ಪ್ರಶ್ನೆಗಳು. ಆದರೆ ಹಳೆಯ ಪೇಟೆಯನ್ನು ಹೊಸದಾಗಿ ರೂಪಿಸುವಾಗ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಒಳ ಓಣಿಯ ಕೊನೆಯ ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಯಾವ ದಾರಿಯಿಂದ, ಎಷ್ಟು ನಿಮಿಷದಲ್ಲಿ ಅಲ್ಲಿಗೆ ತಲುಪುತ್ತದೆ?

ಮೂರು ಘಟನೆ, ಮೂರು ಪಾಠ

ಈ ಪ್ರಶ್ನೆ ಕೇವಲ ಕಲ್ಪನೆಯದಲ್ಲ. 2023ರ ಆಗಸ್ಟ್ 29ರಂದು ಹಾವೇರಿ ಸಮೀಪದ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕಾರ್ಮಿಕರು ಒಳಗೇ ಸಿಲುಕಿ ಪ್ರಾಣ ಕಳೆದುಕೊಂಡರು. ಅಪಾಯಕಾರಿ ಸರಕು ಎಲ್ಲಿರಬೇಕು, ಅಲ್ಲಿಂದ ಪಾರಾಗಲು ಎಷ್ಟು ಬಾಗಿಲುಗಳಿರಬೇಕು ಎಂಬುದನ್ನು ಮೊದಲೇ ನಿರ್ಧರಿಸಬೇಕೆಂಬುದು ಅದರ ಪಾಠ.

2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿತದಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಅಂದು ಅಗ್ನಿಶಾಮಕ ವಾಹನವೂ ಬೆಂಕಿಗೆ ಆಹುತಿಯಾಯಿತು. ಒಂದೇ ವಾಹನ, ಒಂದೇ ದಾರಿಯನ್ನು ನೆಚ್ಚಿಕೊಂಡ ವ್ಯವಸ್ಥೆ ಜನದಟ್ಟಣೆಯ ನಡುವೆ ಕೈಕೊಡುತ್ತದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾವೇರಿ ನಗರದಲ್ಲಿ ಮಳೆನೀರು ರಸ್ತೆಯನ್ನು ಆವರಿಸಿದ್ದಾಗ ಬಾಲಕನೊಬ್ಬ ಚರಂಡಿಯಲ್ಲಿ ಕೊಚ್ಚಿಹೋಗಿ ಮೃತಪಟ್ಟ. ರಸ್ತೆ ಯಾವುದು, ಚರಂಡಿ ಯಾವುದು ಎಂದು ಗೊತ್ತಾಗದ ಕಡೆ ರಕ್ಷಣಾ ಸಿಬ್ಬಂದಿಗೂ ದಾರಿ ಕಾಣದು.

ಅಳೆಯುವುದು ಹೇಗೆ?

ತಜ್ಞರು ಅಪಾಯದ ಅಂದಾಜನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಮಾಡುತ್ತಾರೆ. ಏನು ಸಂಭವಿಸಬಹುದು ಎಂಬುದು ಮೊದಲನೆಯದು. ಯಾರು, ಎಷ್ಟು ಜನ ಅದಕ್ಕೆ ಸಿಲುಕುತ್ತಾರೆ ಎಂಬುದು ಎರಡನೆಯದು. ನೆರವು ಅಲ್ಲಿಗೆ ಎಷ್ಟು ಬೇಗ ತಲುಪುತ್ತದೆ ಎಂಬುದು ಮೂರನೆಯದು. ಮೊದಲೆರಡನ್ನು ನಕ್ಷೆಯ ಮೇಲೆ ಗುರುತಿಸಬಹುದು. ಮೂರನೆಯದಕ್ಕೆ ರಸ್ತೆಗಿಳಿಯದೆ ಗತ್ಯಂತರವಿಲ್ಲ.

ನಗರ ಪ್ರದೇಶದಲ್ಲಿ 5ರಿಂದ 7 ನಿಮಿಷ, ಗ್ರಾಮೀಣ ಭಾಗದಲ್ಲಿ 20 ನಿಮಿಷದೊಳಗೆ ಅಗ್ನಿಶಾಮಕ ದಳ ಸ್ಥಳ ತಲುಪಬೇಕೆಂಬುದು ಕೇಂದ್ರದ ಅಗ್ನಿ ಸಲಹಾ ಮಂಡಳಿಯ ಮಾನದಂಡ. ವಾಹನದ ಅಗಲ ಸುಮಾರು ಎರಡೂವರೆ ಮೀಟರ್ ಇರುತ್ತದೆ. ಇಕ್ಕೆಲದ ಪೆಟ್ಟಿಗೆಗಳನ್ನು ತೆರೆದು ಪೈಪು ಎಳೆಯಲು ಇನ್ನಷ್ಟು ಜಾಗ ಬೇಕು. ತಿರುವಿನಲ್ಲಿ ಚಾಚಿದ ಮೆಟ್ಟಿಲು, ಅಂಗಡಿ ಮುಂದಿನ ತಗಡಿನ ಚಾವಣಿ, ಜೋತುಬಿದ್ದ ವಿದ್ಯುತ್ ತಂತಿ, ತಗ್ಗಾದ ಸ್ವಾಗತ ಕಮಾನು, ಭಾರ ತಾಳದ ಚರಂಡಿ ಹಾಸುಗಲ್ಲು, ಇವುಗಳಲ್ಲಿ ಯಾವುದೊಂದಾದರೂ ವಾಹನವನ್ನು ತಡೆಯಬಲ್ಲದು. ವಾಹನದಲ್ಲಿರುವ ನಾಲ್ಕೈದು ಸಾವಿರ ಲೀಟರ್ ನೀರು ಕೆಲವೇ ನಿಮಿಷಗಳಲ್ಲಿ ಬರಿದಾಗುವುದರಿಂದ ಮತ್ತೆ ತುಂಬಿಸಿಕೊಳ್ಳುವ ತಾಣವೂ ಸನಿಹದಲ್ಲಿರಬೇಕು.

ಊರಿಗೊಂದು ಲೆಕ್ಕ

ಮೂರೂ ಊರುಗಳ ಅಪಾಯ ಒಂದೇ ಬಗೆಯದಲ್ಲ. ಬ್ಯಾಡಗಿಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಒಣ ಮೆಣಸಿನಕಾಯಿ ಚೀಲಗಳ ರಾಶಿ, ಲಾರಿಗಳ ಸಾಲು, ಶೈತ್ಯಾಗಾರ ಮತ್ತು ಹೊರಗಿನಿಂದ ಬಂದ ಸಾವಿರಾರು ಜನ ಒಟ್ಟಿಗೇ ಇರುತ್ತಾರೆ. ಮೆಣಸಿನಕಾಯಿಗೆ ಬೆಂಕಿ ಬಿದ್ದರೆ ಅದರ ಘಾಟು ಹೊಗೆಯಲ್ಲಿ ಉಸಿರಾಟದ ಸಾಧನವಿಲ್ಲದೆ ಯಾರೂ ನಿಲ್ಲಲಾರರು. ಇಲ್ಲಿ ಲೆಕ್ಕ ಹಾಕಬೇಕಾದುದು ಸಾಮಾನ್ಯ ದಿನದ ಸಂಚಾರವನ್ನಲ್ಲ, ಮಾರುಕಟ್ಟೆ ದಿನದ ಸಂಚಾರವನ್ನು.

2011ರ ಜನಗಣತಿಯಲ್ಲೇ ಲಕ್ಷ ಜನಸಂಖ್ಯೆ ದಾಟಿದ ರಾಣೇಬೆನ್ನೂರು ಜಿಲ್ಲೆಯ ಅತಿ ದೊಡ್ಡ ನಗರ. ಇಲ್ಲಿ ಬೀಜ, ಹತ್ತಿ, ಬಟ್ಟೆ ವ್ಯಾಪಾರದ ಓಣಿಗಳಲ್ಲಿ ಮನೆಯೂ ಮಳಿಗೆಯೂ ಒಂದರ ಮೇಲೊಂದಿವೆ. ರೈಲು ಮಾರ್ಗವೂ ನಗರದಲ್ಲೇ ಹಾದುಹೋಗಿರುವುದರಿಂದ ಹಳಿಯ ಈಚೆಯಿಂದ ಆಚೆಗೆ ಪರ್ಯಾಯ ದಾರಿ ಇದೆಯೇ ಎಂಬುದೂ ಪರಿಶೀಲನೆಗೆ ಅರ್ಹ. ಜಿಲ್ಲಾ ಕೇಂದ್ರವಾದ ಹಾವೇರಿಯಲ್ಲಿ ಮಳೆನೀರಿನ ಹರಿವೇ ಮೊದಲ ಚಿಂತೆಯಾಗಬೇಕಿದೆ.

ನಿಯಮದ ಜಾಲದಲ್ಲಿನ ಕಂಡಿ

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡದ ಮುಂದಿನ ರಸ್ತೆ ಕನಿಷ್ಠ 12 ಮೀಟರ್ ಅಗಲವಿರಬೇಕು. ಹಳೆಯ ಪೇಟೆಯ ಎರಡಂತಸ್ತಿನ ಮಳಿಗೆಗಳು ಈ ಅಳತೆಗೆ ಸಿಗುವುದಿಲ್ಲ. ಆದರೆ ಅಪಾಯ ದಟ್ಟವಾಗಿರುವುದು ಅಲ್ಲಿಯೇ. ರಸ್ತೆಯೊಂದೇ ಅಗಲವಾದರೂ ಪ್ರಯೋಜನವಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತಾಗ ಕಟ್ಟಡದ ಮುಂದೆ ವಿಶಾಲ ರಸ್ತೆಯೇ ಇತ್ತು. ಕೆಳಗಿಳಿಯುವ ದಾರಿ ಮಾತ್ರ ಮುಚ್ಚಿತ್ತು.

ಈ ಕಂಡಿಯನ್ನು ಸ್ಥಳೀಯವಾಗಿಯೇ ಮುಚ್ಚಲು ಸಾಧ್ಯ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಅಡಿ ಮಹಾಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ಸಲಹೆ ಸಲ್ಲಿಸಬಹುದು. ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ರಸ್ತೆ ವಿಸ್ತರಣೆ ಅಥವಾ ವಾಣಿಜ್ಯ ಸಂಕೀರ್ಣದ ನಕ್ಷೆಗೆ ಒಪ್ಪಿಗೆ ನೀಡುವ ಮುನ್ನ ನಗರಸಭೆ, ಪುರಸಭೆಗಳು ಅಗ್ನಿಶಾಮಕ ಅಧಿಕಾರಿಯ ಜೊತೆ ಸಂತೆಯ ದಿನ ಒಮ್ಮೆ, ಮಳೆಯ ದಿನ ಒಮ್ಮೆ ಆ ವಾಹನವನ್ನೇ ಓಣಿಯೊಳಗೆ ಓಡಿಸಿ ನೋಡಬಹುದು. ಇದಕ್ಕೆ ಬೇಕಾಗುವುದು ಒಂದು ಗಡಿಯಾರ, ಒಂದು ಅಳತೆ ಪಟ್ಟಿ.

ಕಟ್ಟಡದ ಮುಂಭಾಗ ಕಳೆದುಕೊಳ್ಳುವ ವ್ಯಾಪಾರಿಯ ನೋವು ದೊಡ್ಡದು, ಆತನಿಗೆ ನ್ಯಾಯವಾದ ಪರಿಹಾರ ಸಲ್ಲಲೇಬೇಕು. ಆದರೆ ಆತ ಬಿಟ್ಟುಕೊಟ್ಟ ಜಾಗ ಮರುದಿನವೇ ವಾಹನ ನಿಲುಗಡೆಗೋ ತಳ್ಳುಗಾಡಿಗೋ ಮೀಸಲಾದರೆ ಆ ತ್ಯಾಗವೂ ವ್ಯರ್ಥ. ಅಗಲಗೊಂಡ ರಸ್ತೆಯಲ್ಲಿ ತುರ್ತು ವಾಹನದ ಪಥ ಸದಾ ತೆರೆದಿರುವಂತೆ ನೋಡಿಕೊಂಡರೆ ಮಾತ್ರ ವಿಸ್ತರಣೆ ಸಾರ್ಥಕವಾದೀತು.