ಹಡಗುಕಟ್ಟೆಯ ಶಿಷ್ಯರು

‘ಶಿಷ್ಯವೇತನ’ ಎಂಬುದು ಹೊಸಗಾಲದ ಒಂದು ಸಮಾಸ. ಪತ್ರಿಕೆಯಲ್ಲಿ ಕಣ್ಣಿಗೆ ಬಿದ್ದಾಗ ಅದರಲ್ಲಿ ವಿಶೇಷವೇನೂ ತೋರದು. ಬಿಡಿಸಿ ನೋಡಿದರೆ, ಪರಂಪರೆಯ ಒಂದು ನಡೆಯನ್ನೇ ಅದು ತಿರುಗುಮುರುಗು ಮಾಡಿದೆಯೆಂಬುದು ಗೊತ್ತಾಗುತ್ತದೆ. ನಮ್ಮ ಪುರಾಣಗಳ ಶಿಷ್ಯ ಕೊಡತಕ್ಕವನು. ಸಮಿತ್ತು, ಸೇವೆ, ಕಡೆಗೆ ದಕ್ಷಿಣೆ. ಏಕಲವ್ಯನಂತೂ ಹೆಬ್ಬೆರಳನ್ನೇ ಕೊಟ್ಟ. ಕೈಕಸುಬಿನವನಿಗೆ ಹೆಬ್ಬೆರಳು ಹೋದ ಮೇಲೆ ಉಳಿಯುವುದೇನು ಎಂಬುದನ್ನು ಪಂಡಿತರನ್ನಲ್ಲ, ಬಡಗಿಯನ್ನು ಕೇಳಬೇಕು. ಅಂಥ ಪರಂಪರೆಯ ನಾವು ಕಲಿಯುವವನ ಕೈಗೇ ತಿಂಗಳು ತಿಂಗಳು ಹಣವಿಡುವ ಏರ್ಪಾಡಿಗೆ ಈ ಹೆಸರನ್ನು ಕೊಟ್ಟಿದ್ದೇವೆ.

ಇದಕ್ಕೆ ಎದುರಾದ ಇನ್ನೊಂದು ಮಾತು ಹಿರಿಯರ ನೆನಪಿನಲ್ಲಿರಬಹುದು: ‘ಉಮೇದುವಾರಿ’. ಈಗ ಅದು ಬಹುಮಟ್ಟಿಗೆ ಚುನಾವಣೆಯ ಪದವಾಗಿದೆ. ಉಮೇದ್ ಎಂದರೆ ಪಾರಸಿಯಲ್ಲಿ ಆಸೆ. ಹಿಂದೆ ಸರ್ಕಾರಿ ಕಚೇರಿಗಳಲ್ಲಿ ಸಂಬಳವಿಲ್ಲದೆ ಕಾಗದಗಳನ್ನು ನಕಲು ಮಾಡುತ್ತ, ಎಂದಾದರೊಂದು ದಿನ ಜಾಗ ತೆರವಾದೀತೆಂದು ಕಾಯುತ್ತಿದ್ದವನು ಉಮೇದುವಾರ. ಅವನ ಸಂಬಳವೆಲ್ಲ ಆಸೆಯಲ್ಲೇ ಸಂದಾಯವಾಗುತ್ತಿತ್ತು. ಶಿಷ್ಯವೇತನ ಪಡೆಯುವ ಇಂದಿನ ಅಪ್ರೆಂಟಿಸನು ಈ ಉಮೇದುವಾರನಿಂದ ಎಷ್ಟು ದೂರ ಬಂದಿದ್ದಾನೆ? ಕೆಲವು ವಿಷಯಗಳಲ್ಲಿ ಬಹಳ ದೂರ. ಒಂದು ವಿಷಯದಲ್ಲಿ ಅಷ್ಟು ದೂರವಲ್ಲ. ಅದನ್ನು ಹಡಗು ಕಟ್ಟುವ ಉದ್ಯಮದ ನಿದರ್ಶನದಿಂದ ವಿವರಿಸಬೇಕೆಂದಿದ್ದೇನೆ. ಛಂದಸ್ಸನ್ನು ಪಾಠ ಹೇಳಿದವನಿಗೆ ಹಡಗುಕಟ್ಟೆಯ ಗೊಡವೆ ಏಕೆಂದು ಕೇಳುಗರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಿ.ಎ. ತರಗತಿಯನ್ನು ನಡುವೆಯೇ ಬಿಟ್ಟು, ಐ.ಟಿ.ಐ. ಮುಗಿಸಿ, ಪಶ್ಚಿಮ ಕರಾವಳಿಯ ಒಂದು ಹಡಗುಕಟ್ಟೆಗೆ ಬೆಸುಗೆ ಕಲಿಯಲು ಸೇರಿದ. ನನಗೆ ಈ ಲೋಕದ ಬಾಗಿಲು ತೆರೆದವನು ಅವನೇ.

ಮೊದಲು ಕಾಯಿದೆಯ ಮಾತು. ನಮ್ಮ ದೇಶದಲ್ಲಿ ಇದಕ್ಕೆಲ್ಲ ಆಧಾರ 1961ರ ಅಪ್ರೆಂಟಿಸ್ ಕಾಯಿದೆ. ಕಾಯಿದೆಗಳನ್ನು ಸಾಹಿತ್ಯವೆಂದು ಓದುವ ಅಭ್ಯಾಸ ನಮಗಿಲ್ಲ. ಇದರ ಕೆಲವು ಕಲಮುಗಳನ್ನಾದರೂ ಹಾಗೆ ಓದಬಹುದು. ಕಲಿಯುವವನಿಗೆ ಶಿಷ್ಯವೇತನ ಕೊಡಲೇಬೇಕು ಎನ್ನುತ್ತದೆ ಒಂದು ಕಲಮು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಇಷ್ಟು ತುಂಡು ಮಾಡಿದರೆ ಇಷ್ಟು ಹಣ ಎಂಬ ಲೆಕ್ಕದಲ್ಲಿ ಅವನಿಗೆ ಕೊಡಕೂಡದು, ಹೆಚ್ಚು ಉತ್ಪಾದಿಸಿದವರಿಗೆ ಬೋನಸ್ ಎಂಬ ಪಂದ್ಯಕ್ಕೂ ಅವನನ್ನು ಇಳಿಸಕೂಡದು. ಇದನ್ನು ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಅವಸರ ಕಲಿಕೆಯ ಶತ್ರುವೆಂಬುದನ್ನು ಶಿಕ್ಷಣಶಾಸ್ತ್ರದ ಗ್ರಂಥಗಳಿಗಿಂತ ಚೊಕ್ಕವಾಗಿ ಕಾನೂನಿನ ಕರಡುಗಾರನೊಬ್ಬ ಹೇಳಿದ್ದಾನೆ. ಅಧಿಕಾರಿಯ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಹೊತ್ತು ದುಡಿಸುವಂತಿಲ್ಲ. ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು. ಆದರೆ ಇದೇ ಕಾಯಿದೆಯಲ್ಲಿ, ಅಪ್ರೆಂಟಿಸನು ಕಲಿಯುವವನೇ ಹೊರತು ಕಾರ್ಮಿಕನಲ್ಲ ಎಂಬ ಕಲಮೂ ಇದೆ. ಕಾರ್ಖಾನೆಯಲ್ಲಿ ಆರೋಗ್ಯ, ಸುರಕ್ಷತೆಗಳ ರಕ್ಷಣೆ ಅವನಿಗೂ ಉಂಟು. ಉಳಿದ ಕಾರ್ಮಿಕ ಕಾನೂನುಗಳು ಅವನ ಮಟ್ಟಿಗೆ ಇಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಹಡಗನ್ನು ಕಟ್ಟುತ್ತಾರೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ಮರದ ದಿಮ್ಮಿ, ಬಾಚಿ, ಉಳಿ. ಕರಾವಳಿಯಲ್ಲಿ ಮಂಜಿಗಳನ್ನು ಹಾಗೆ ಕಟ್ಟುತ್ತಿದ್ದರು. ಮುಂಬಯಿಯ ಹಳೆಯ ಹಡಗುಕಟ್ಟೆಯಲ್ಲಿ ಪಾರಸಿಗಳಾದ ವಾಡಿಯಾ ಮನೆತನದವರು ಕಟ್ಟಿದ್ದೂ ಹಾಗೆಯೇ. 1736ರಲ್ಲಿ ಸೂರತ್ತಿನಿಂದ ಬಂದ ಲವಜಿ ನಸರ್ವಾನಜಿ ವಾಡಿಯಾ ಅವರಿಂದ ಮೊದಲುಗೊಂಡು ಒಂದು ಶತಮಾನಕ್ಕೂ ಮಿಕ್ಕಿ ಆ ವಿದ್ಯೆ ಒಂದೇ ವಂಶದಲ್ಲಿ ಹರಿದುಬಂತು. ಅವರು 1817ರಲ್ಲಿ ತೇಗದ ಮರದಿಂದ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲಿದೆ. ಅದೇ ಮನೆತನದ ಜಹಾಂಗೀರ್ ನವರೋಜಿ, ಹೀರಜಿಭಾಯಿ ಮೆರವಾನಜಿ ಎಂಬ ಇಬ್ಬರು ತರುಣರು ಹಡಗಿನ ವಿದ್ಯೆಯ ಹೊಸ ಪಾಠಗಳನ್ನು ಕಲಿಯಲು 1838ರಲ್ಲಿ ಇಂಗ್ಲೆಂಡಿಗೆ ಹೋಗಿ ಚಾಥಮ್ಮಿನ ನೌಕಾಂಗಣ ಸೇರಿದರು. 1841ರಲ್ಲಿ ತಮ್ಮ ಅಲ್ಲಿಯ ವಾಸವನ್ನು ಕುರಿತು ಪುಸ್ತಕವನ್ನೂ ಪ್ರಕಟಿಸಿದರು. ಭಾರತೀಯರ ಪ್ರವಾಸಸಾಹಿತ್ಯದ ಮಾತು ಬಂದಾಗ ನಾವು ಇವರನ್ನು ಮರೆಯುತ್ತೇವೆ. ಹಡಗಿನ ಬಡಗಿಗಳು ಬರೆದದ್ದು ಎಂಬುದೇ ಕಾರಣವಿರಬಹುದೇನೋ. ಅದಿರಲಿ. ಅಂದು ಈ ವಿದ್ಯೆಗೆ ಪ್ರವೇಶ ಹುಟ್ಟಿನಿಂದ ಸಿಗುತ್ತಿತ್ತು. ಇಂದು ಮುಂಬಯಿಯ ಮಜಗಾಂವ್ ಡಾಕ್ ಸಂಸ್ಥೆಯ ತರಬೇತಿ ಶಾಲೆಗೆ ಪ್ರವೇಶ ಪರೀಕ್ಷೆಯಿಂದ ಸಿಗುತ್ತದೆ.

ಈ ಶಾಲೆಯ ಏರ್ಪಾಡು ಗಮನಿಸತಕ್ಕದ್ದು. ಇತ್ತೀಚಿನ ವರ್ಷಗಳ ಪ್ರಕಟಣೆಗಳಲ್ಲಿ ಅದು ಮೂರು ಮೆಟ್ಟಿಲುಗಳಲ್ಲಿ ಅರ್ಜಿ ಕರೆದಿದೆ. ಹತ್ತನೆಯ ತರಗತಿ ತೇರ್ಗಡೆಯಾದವರು ಫಿಟ್ಟರ್, ಪೈಪ್ ಫಿಟ್ಟರ್, ಎಲೆಕ್ಟ್ರಿಷಿಯನ್ ಮೊದಲಾದ ಕಸುಬುಗಳಿಗೆ ಎರಡು ವರ್ಷದ ತರಬೇತಿಗೆ ಸೇರಬಹುದು. ಐ.ಟಿ.ಐ. ಮುಗಿಸಿ ಬಂದವರಿಗೆ ಒಂದು ವರ್ಷ. ಎಂಟನೆಯ ತರಗತಿಯಷ್ಟೇ ದಾಟಿದವರಿಗೂ ಬಾಗಿಲು ಮುಚ್ಚಿಲ್ಲ: ಅವರು ವೆಲ್ಡರ್ ಆಗಬಹುದು, ಇಲ್ಲವೇ ರಿಗ್ಗರ್ ಆಗಬಹುದು. ರಿಗ್ಗರ್ ಎಂದರೆ ಭಾರವಾದ ತುಂಡುಗಳಿಗೆ ಹಗ್ಗ, ಸರಪಣಿ, ಕೊಂಡಿಗಳನ್ನು ಲೆಕ್ಕಹಾಕಿ ಬಿಗಿದು ಎತ್ತಿಸಿ ಕೂರಿಸುವವನು; ನಮ್ಮ ಕರಾವಳಿಯ ಖಲಾಸಿಯ ಆಧುನಿಕ ಅವತಾರ. ಎಂಟನೆಯ ತರಗತಿಗೆ ಓದು ನಿಲ್ಲಿಸಿದ ಹುಡುಗನಿಗೆ ಹಣ ಕೊಟ್ಟು ವಿದ್ಯೆ ಕಲಿಸುವ ಬೇರೆ ಸಂಸ್ಥೆಗಳು ಈ ದೇಶದಲ್ಲಿ ಎಷ್ಟಿವೆ?

ಇನ್ನು ಆ ವಿದ್ಯೆ ಎಂಥದು? ಬೆಸುಗೆ ಎಂಬ ಪದವನ್ನು ನಮ್ಮ ಕವಿಗಳು ಮನಸ್ಸುಗಳಿಗೆ ಎಷ್ಟು ಬಳಸಿದ್ದಾರೆಂದರೆ, ಅದು ಮೂಲತಃ ಲೋಹದ ಕೆಲಸವೆಂಬುದೇ ಮರೆತುಹೋಗಿದೆ. ಎರಡು ಹಲಗೆಗಳನ್ನು ಅಂಟಿಸುವುದಲ್ಲ ಬೆಸುಗೆ. ಅವುಗಳ ಅಂಚುಗಳನ್ನು ಕರಗಿಸಿ ಒಂದಾಗಿಸುವುದು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ಪಕ್ಕದ ಹಲಗೆಯನ್ನು ಎಳೆದು ಸೊಟ್ಟಗಾಗಿಸುತ್ತದೆ. ಆದ್ದರಿಂದ ಯಾವ ಸಂದನ್ನು ಮೊದಲು ಬೆಸೆಯಬೇಕು, ಯಾವುದನ್ನು ಅನಂತರ ಎಂಬುದಕ್ಕೆ ಒಂದು ಕ್ರಮವುಂಟು. ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ಸಾಗುತ್ತಾರೆ. ನನ್ನ ವಿದ್ಯಾರ್ಥಿ ಮೊದಲ ಮೂರು ತಿಂಗಳು ಮಲಗಿಸಿದ ಹಲಗೆಯ ಮೇಲೆ ನೇರವಾದ ಗೆರೆ ಎಳೆಯುವುದನ್ನಷ್ಟೇ ಕಲಿತನಂತೆ. ಆಮೇಲೆ ಅಡ್ಡಗೋಡೆ, ನಿಲುವುಗೋಡೆ, ಕಟ್ಟಕಡೆಗೆ ತಲೆಯ ಮೇಲಿನ ಚಾವಣಿ. ಚಾವಣಿಯ ಬೆಸುಗೆಯಲ್ಲಿ ಕರಗಿದ ಲೋಹವನ್ನು ಕೆಳಗೆ ಬೀಳದಂತೆ ಅಲ್ಲೇ ನಿಲ್ಲಿಸಬೇಕು; ಕಿಡಿಗಳು ಮಾತ್ರ ಮೈಮೇಲೆಯೇ ಬೀಳುತ್ತವೆ. ಬೆಸುಗೆಯ ಕಡ್ಡಿಗಳನ್ನು 300 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಹುರಿದು, ಬಿಸಿಯಾದ ಡಬ್ಬಿಯಲ್ಲೇ ಇಟ್ಟುಕೊಂಡು ಬಳಸುವುದನ್ನು ಅವನು ವಿವರಿಸಿದಾಗ, ಇದೇನು ಹಪ್ಪಳದ ಮಡಿಯೇ ಎಂದು ನಾನು ನಕ್ಕಿದ್ದೆ. ಅವನು ನಗಲಿಲ್ಲ. ಕಡ್ಡಿಯ ಲೇಪಕ್ಕೆ ಗಾಳಿಯ ತೇವ ತಾಗಿದರೆ ಅದರಿಂದ ಜಲಜನಕ ಹೊರಟು ಉಕ್ಕಿನೊಳಗೆ ಸೇರುತ್ತದೆ. ಗಂಟೆಗಳು ಕಳೆದ ಮೇಲೆ, ಕೆಲವು ವೇಳೆ ಮರುದಿನ, ಒಳಗೇ ಬಿರುಕು ಬಿಡುತ್ತದೆ. ಮೇಲುನೋಟಕ್ಕೆ ಏನೂ ಕಾಣದು.

ಬಿರುಕಿನ ಬೆಲೆ ಏನೆಂಬುದಕ್ಕೆ ಒಂದು ಪ್ರಸಂಗ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ತಗಡುಮೊಳೆ ಹೊಡೆಯುವ ಹಳೆಯ ಪದ್ಧತಿಯನ್ನು ಬಿಟ್ಟು, ಬೆಸುಗೆಯಿಂದಲೇ ಹಡಗುಗಳನ್ನು ಭರದಿಂದ ಕಟ್ಟಿದರು. 1943ರ ಜನವರಿ 16ರ ರಾತ್ರಿ ಆರೆಗಾನಿನ ಪೋರ್ಟ್‌ಲೆಂಡಿನಲ್ಲಿ, ಪರೀಕ್ಷಾಯಾನ ಮುಗಿಸಿ ನಿಶ್ಚಲವಾದ ನೀರಿನಲ್ಲಿ ನಿಂತಿದ್ದ ‘ಸ್ಕೆನೆಕ್ಟಡಿ’ ಎಂಬ ತೈಲನೌಕೆ ಭಾರಿ ಸದ್ದಿನೊಡನೆ ನಡುಮುರಿದು ಹೋಯಿತು. ಬೆಸುಗೆಯ ದೋಷವೂ ಇತ್ತು. ಚಳಿಯಲ್ಲಿ ಗಾಜಿನಂತೆ ಪೆಡಸಾಗುವ ಉಕ್ಕಿನ ದೋಷವೂ ಇತ್ತು. ಮೊಳೆ ಹೊಡೆದ ಹಡಗಿನಲ್ಲಿ ಬಿರುಕು ಒಂದು ಹಲಗೆಯ ಅಂಚಿಗೆ ಬಂದು ನಿಲ್ಲಬಹುದು; ಬೆಸೆದ ಹಡಗು ಒಂದೇ ಹಲಗೆಯಿದ್ದಂತೆ, ಬಿರುಕಿಗೆ ತಡೆಯಿಲ್ಲ. ಇಂದು ಮುಖ್ಯ ಬೆಸುಗೆಗಳನ್ನು ಎಕ್ಸ್‌ರೇ ಹಿಡಿದು, ಶಬ್ದಾತೀತ ತರಂಗಗಳನ್ನು ಹಾಯಿಸಿ ನೋಡುತ್ತಾರೆ. ಬೆಸೆಯುವವನ ಅರ್ಹತೆಯನ್ನು ಬಗೆಬಗೆಯ ಬೆಸುಗೆಗೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತಾರೆ. ಆರು ತಿಂಗಳು ಆ ಕೆಲಸ ಮಾಡದಿದ್ದರೆ ಸಾಮಾನ್ಯವಾಗಿ ಆ ಅರ್ಹತೆ ತೀರಿಹೋಗುತ್ತದೆ. ನನ್ನ ಎಂ.ಎ. ಪದವಿ ನಲವತ್ತು ವರ್ಷಗಳ ಮೇಲೂ ಊರ್ಜಿತವಾಗಿರುವುದನ್ನು ನೆನೆದು ನನಗೆ ಸ್ವಲ್ಪ ನಾಚಿಕೆಯಾಯಿತೆಂದರೆ ಸುಳ್ಳಲ್ಲ.

ಇದು ಸುಖದ ಕೆಲಸವೆಂದು ಯಾರೂ ತಿಳಿಯಬಾರದು. ಹಡಗಿನ ತಳದಲ್ಲಿ ಎರಡು ಪದರಗಳ ನಡುವೆ ಮೈ ಮಡಿಸಿ ತೂರಬೇಕಾದ ಕೋಣೆಗಳಿರುತ್ತವೆ. ಅಲ್ಲಿ ಗಾಳಿ ಸರಿಯಿದೆಯೇ ಎಂದು ಉಪಕರಣದಿಂದ ಅಳೆಯದೆ, ಹೊರಗೆ ಕಾವಲಿಗೊಬ್ಬನಿಲ್ಲದೆ ಇಳಿಯಕೂಡದು. ಅಂಗಳಕ್ಕೆ ಕಾಲಿಟ್ಟ ಶಿಷ್ಯನು ಕಲಿಯಬೇಕಾದ ಮೊದಲ ಪಾಠ ಇದು. ಇಲ್ಲ ಎನ್ನಲು ಕಲಿಯದವನು ಅಲ್ಲಿ ಬಹಳ ಕಾಲ ಉಳಿಯಲಾರ.

ಈಗ ಹಣದ ಮಾತು. 2019ರ ನಿಯಮಗಳು ಕಲಿಯುವವನ ಓದಿಗೆ ತಕ್ಕಂತೆ ಕನಿಷ್ಠ ಶಿಷ್ಯವೇತನವನ್ನು ತಿಂಗಳಿಗೆ 5,000ದಿಂದ 9,000 ರೂಪಾಯಿಗಳವರೆಗೆ ಗೊತ್ತುಮಾಡಿದವು. 2025ರಲ್ಲಿ ಕೇಂದ್ರದ ಅಪ್ರೆಂಟಿಸ್ ಪರಿಷತ್ತು ಶೇಕಡಾ 36ರಷ್ಟು ಏರಿಕೆಯನ್ನು ಶಿಫಾರಸು ಮಾಡಿತು. ಹಾಗೆ ಏರಿಸಿದರೂ ಮುಂಬಯಿಯಲ್ಲಿ ಅದು ಕೋಣೆಯ ಬಾಡಿಗೆಗೂ ಊಟಕ್ಕೂ ಸಾಲದು. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಆ ಊರಿನ ಹಿಂದಿನ ತಲೆಮಾರಿನ ಹುಡುಗರಿಗೆ ಮಾಲೀಕನ ಮನೆಯ ಊಟವಾದರೂ ಇತ್ತು. ಹೀಗಾಗಿ ಶಿಷ್ಯವೇತನವನ್ನು ಸಂಬಳವೆಂದು ಲೆಕ್ಕಹಾಕಿ ಹೊರಡುವ ಬಡಮನೆಯ ಹುಡುಗ ಅರ್ಧದಲ್ಲೇ ಹಿಂದಿರುಗುವ ಅಪಾಯವಿದೆ. ಅದನ್ನು ಶುಲ್ಕವಿಲ್ಲದ ಶಿಕ್ಷಣ, ಅದರ ಮೇಲೊಂದಿಷ್ಟು ನೆರವು ಎಂದು ಎಣಿಸಿದವನು ಉಳಿದುಕೊಳ್ಳುತ್ತಾನೆ.

ಆಗಲೇ ಸೂಚಿಸಿದ ಮಾತಿಗೆ ಬರುತ್ತೇನೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿರ್ಬಂಧ ನಮ್ಮ ಕಾಯಿದೆಯಲ್ಲಿಲ್ಲ. ಪ್ರತಿಯೊಬ್ಬ ಮಾಲೀಕನೂ ಈ ಬಗ್ಗೆ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕೆಂದು 2014ರ ತಿದ್ದುಪಡಿ ಹೇಳುತ್ತದೆ, ಅಷ್ಟೆ. ಉಮೇದುವಾರನ ನೆರಳು ಇಲ್ಲಿ ಮತ್ತೆ ಬೀಳುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆ 1919ರಿಂದ ನಡೆಸುತ್ತಿರುವ ಅಪ್ರೆಂಟಿಸ್ ಶಾಲೆಯಲ್ಲಿ ಶಿಷ್ಯನು ಮೊದಲ ದಿನದಿಂದಲೇ ಸಂಸ್ಥೆಯ ನೌಕರ. ನಾಲ್ಕರಿಂದ ಎಂಟು ವರ್ಷಗಳ ಆ ಶಿಕ್ಷಣದಲ್ಲಿ ಅವನಿಗೆ ಸಲ್ಲುವುದು ಸಂಬಳವೇ. ನಮ್ಮ ಕಾನೂನು ಶಿಷ್ಯನನ್ನೂ ಕಾರ್ಮಿಕನನ್ನೂ ಬೇರೆ ಮಾಡಿ, ಅವಸರದಿಂದ ಅವನನ್ನು ಕಾಪಾಡಿತು. ಅದೇ ಗೆರೆಯಿಂದ ಅವನನ್ನು ನೌಕರಿಯ ಹೊರಗೂ ನಿಲ್ಲಿಸಿತು. ಎರಡನ್ನೂ ಕೂಡಿಸಲು ಸಾಧ್ಯವೆಂಬುದು ಆ ಶಾಲೆಯಿಂದ ಗೊತ್ತಾಗುತ್ತದೆ. ನನ್ನ ವಿದ್ಯಾರ್ಥಿಗೆ ವರ್ಷ ಮುಗಿದಾಗ ಆ ಅಂಗಳದಲ್ಲಿ ಕೆಲಸ ಸಿಗಲಿಲ್ಲ. ನಾಲ್ಕು ವರ್ಷ ಗುತ್ತಿಗೆದಾರರ ಕೈಕೆಳಗೆ ದುಡಿದ. ಅವನನ್ನು ಕಾಪಾಡಿದ್ದು ತಲೆಯ ಮೇಲಿನ ಬೆಸುಗೆಯನ್ನು ಎಕ್ಸ್‌ರೇಗೆ ಅಂಜದೆ ಮಾಡಬಲ್ಲ ಕೈ. ಈಗ ಅವನು ಬೇರೆಯವರ ಬೆಸುಗೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ.

ಕನ್ನಡನಾಡಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ತಿಳಿಯಬೇಕಿಲ್ಲ. ಮಲ್ಪೆಯ ಹಡಗುಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ವಹಿಸಿಕೊಂಡಿತು. 2022ರಲ್ಲಿ ದೇಶದ ಮೊದಲ ಸ್ವದೇಶಿ ವಿಮಾನವಾಹಕ ‘ವಿಕ್ರಾಂತ’ವನ್ನು ಕಟ್ಟಿಕೊಟ್ಟ ಸಂಸ್ಥೆಯೇ ಅದು. ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನ ಆ ಅಂಗಳಕ್ಕೆ 2023ರಲ್ಲಿ ನಾರ್ವೆಯ ಸಂಸ್ಥೆಯೊಂದು 3,800 ಟನ್ ಸಾಮರ್ಥ್ಯದ ಆರು ಸರಕುನೌಕೆಗಳನ್ನು ಕಟ್ಟಲು ಒಪ್ಪಿಸಿತು. ಕಾರವಾರದಲ್ಲಿ ನೌಕಾದಳದ ದುರಸ್ತಿ ಅಂಗಳವಿದೆ, ಅದೂ ಐ.ಟಿ.ಐ. ಮುಗಿಸಿದವರನ್ನು ಅಪ್ರೆಂಟಿಸರಾಗಿ ಕರೆಯುತ್ತದೆ.

ಇಂಥ ಪ್ರಕಟಣೆ ನಿಮ್ಮ ನೆರೆಯ ಹುಡುಗನ ಅಥವಾ ಹುಡುಗಿಯ ಕೈಸೇರಿದಾಗ ಓದುಬರಹ ಬಲ್ಲ ನೀವು ಮಾಡಬಹುದಾದ ಒಂದು ಸಹಾಯವುಂಟು. ತರಬೇತಿ ಆರಂಭವಾಗುವ ಮೊದಲು ಬರೆಯುವ ಕರಾರು ಸರ್ಕಾರದ ಅಪ್ರೆಂಟಿಸ್ ಅಧಿಕಾರಿಯಲ್ಲಿ ನೋಂದಣಿಯಾಗಬೇಕು. ನೋಂದಣಿಯ ಸಂಖ್ಯೆಯನ್ನು ಕೇಳಿ ಪಡೆಯಿರಿ. ಕಡೆಯಲ್ಲಿ ರಾಷ್ಟ್ರೀಯ ಪ್ರಮಾಣಪತ್ರದ ಪರೀಕ್ಷೆಗೆ ಕೂರಿಸುತ್ತಾರೆಯೇ ಎಂದು ವಿಚಾರಿಸಿ. ತರಬೇತಿಯ ಅನಂತರ ಅದೇ ಮಾಲೀಕನಲ್ಲಿ ದುಡಿಯಬೇಕೆಂಬ ಷರತ್ತು ಕರಾರಿನಲ್ಲಿದ್ದರೆ, ಮಾಲೀಕನೂ ತಕ್ಕ ಕೆಲಸ ಕೊಡಲು ಬದ್ಧನಾಗುತ್ತಾನೆ; ಆ ಸಾಲು ಇದೆಯೇ ಇಲ್ಲವೇ ಎಂಬುದನ್ನು ನೋಡಿ. ಹದಿನೆಂಟು ತುಂಬದವರ ಪರವಾಗಿ ರುಜು ಹಾಕುವವರು ತಂದೆತಾಯಿ ಇಲ್ಲವೇ ಪೋಷಕರು. ಅವರಿಗೆ ಇಂಗ್ಲಿಷು ಬಾರದಿದ್ದರೆ ಆ ಹಾಳೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿಹೇಳಿ, ಆಮೇಲೆ ಲೇಖನಿಯನ್ನು ಅವರ ಕೈಗೆ ಕೊಡಿ.