ಸುರುಳಿ ಗೆಲಾಕ್ಸಿಗೆ ಬಣ್ಣವಿತ್ತವರಾರು?

ಕಾರ್ತಿಕದ ಅಮಾವಾಸ್ಯೆಯ ರಾತ್ರಿ ಎಂಟರ ಹೊತ್ತಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಯಾವುದೇ ಹಳ್ಳಿಯಲ್ಲಿ ಬೀದಿದೀಪಗಳಿಂದ ದೂರ ನಿಂತು ಉತ್ತರದ ಆಕಾಶವನ್ನು ನೋಡಿದರೆ, ಎತ್ತರದಲ್ಲಿ ಹೊಗೆಯಂತಹ ಮಸುಕು ಮಚ್ಚೆಯೊಂದು ಕಾಣುತ್ತದೆ. ಅದೇ ದೇವಯಾನಿ ಗೆಲಾಕ್ಸಿ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಹಿಡಿಯುತ್ತದೆ.

ಪುಸ್ತಕದಲ್ಲಿ ಇದನ್ನೇ ನೀಲಿ, ಕೆಂಪು ಬಣ್ಣದ ಸುರುಳಿಯಾಗಿ ಕಂಡ ಮಗು, ‘ಇಲ್ಲಿ ಬಣ್ಣವೆಲ್ಲಿ?’ ಎಂದು ಕೇಳಿದರೆ ನಾವೇನು ಹೇಳಬೇಕು? ನಿಜವನ್ನೇ ಹೇಳಬೇಕು.

ಭಾರತವು 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ, ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ನೇರಳಾತೀತ ದೂರದರ್ಶಕವನ್ನು ಅಳವಡಿಸಲಾಯಿತು. ದೇವಯಾನಿಯ ಚಿತ್ರಗಳನ್ನೂ ಅದು ತೆಗೆದಿದೆ. ನೇರಳಾತೀತ ಕಿರಣಗಳು ಕಣ್ಣಿಗೆ ಕಾಣವು. ಬಹುಪಾಲನ್ನು ವಾಯುಮಂಡಲವೇ ತಡೆಯುತ್ತದೆ. ಆದುದರಿಂದಲೇ ದೂರದರ್ಶಕ ಮೇಲೇರಬೇಕಾಯಿತು. ಅದು ಬೆಳಕಿನ ಕಣಗಳನ್ನು ಎಣಿಸಬಲ್ಲದು, ಬಣ್ಣವನ್ನರಿಯದು. ಬೇರೆ ಬೇರೆ ಶೋಧಕಗಳ ಮೂಲಕ ತೆಗೆದ ಕಪ್ಪು-ಬಿಳುಪು ಚಿತ್ರಗಳಿಗೆ ವಿಜ್ಞಾನಿಗಳು ಒಂದೊಂದು ಬಣ್ಣವಿತ್ತು, ಒಂದರ ಮೇಲೊಂದನ್ನು ಕೂಡಿಸುತ್ತಾರೆ.

ಇದು ವಂಚನೆಯಲ್ಲ. ಮಂಡ್ಯ ಜಿಲ್ಲೆಯ ನಕ್ಷೆಯಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ಬಣ್ಣ ಹಚ್ಚಿದರೆ ನೆಲದ ಬಣ್ಣ ಬದಲಾಗದು, ಎಲ್ಲೆಗಳು ಸ್ಪಷ್ಟವಾಗುತ್ತವೆ. ಹಾಗೆಯೇ ಚಿತ್ರದ ಸುರುಳಿಯ ತೋಳುಗಳಲ್ಲಿ ನೇರಳಾತೀತ ಬೆಳಕು ಹೆಚ್ಚಿದ್ದೆಡೆ ಬಿಸಿಯಾದ ಎಳೆಯ ನಕ್ಷತ್ರಗಳಿವೆ ಎಂದು ತಿಳಿಯುತ್ತದೆ. ಮುದಿ ನಕ್ಷತ್ರಗಳು ತುಂಬಿದ ನಡುಭಾಗದಲ್ಲಿ ಆ ಬೆಳಕು ಕಡಿಮೆ.

ಬಣ್ಣವನ್ನು ಕಂಡು ಬೆರಗಾಗುವುದಷ್ಟೇ ಸಾಲದು. ಅದರ ಅರ್ಥವನ್ನು ಕೇಳುವ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯಬೇಕು. ಅವರಿಗೆ ಮೊದಲು ಆಕಾಶವನ್ನು ತೋರಿಸೋಣ, ಅನಂತರ ಚಿತ್ರವನ್ನು.