ಹೊಸ ಕಾರಿನ ಬಣ್ಣ: ಬಿಸಿಲಿಗೆ ಯಾವುದು, ದೂಳಿಗೆ ಯಾವುದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಕಾರು ಈಗ ಅಪರೂಪದ ವಸ್ತುವೇನಲ್ಲ. ಮೆಕ್ಕೆಜೋಳ ಮಾರಿದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಕಾರು ಕೊಳ್ಳುವ ರೈತರಿದ್ದಾರೆ. ಸಂಬಳದಲ್ಲಿ ಕಂತು ಕಟ್ಟುವ ಶಿಕ್ಷಕರಿದ್ದಾರೆ. ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ಹೋಗಿ ಮಳಿಗೆಯಲ್ಲಿ ಕುಳಿತಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ. ಯಾವ ಬಣ್ಣ? ಆ ಬಣ್ಣವನ್ನು ಕಾಪಾಡಲು ಯಾವ ಲೇಪನ? ಮೊದಲನೆಯದಕ್ಕೆ ಮನೆಮಂದಿಯೆಲ್ಲ ಉತ್ತರ ಹೇಳುತ್ತಾರೆ. ಎರಡನೆಯದಕ್ಕೆ ಮಾರುವವರೇ ಉತ್ತರ ಹೇಳಿ, ಬಿಲ್ಲಿಗೆ ಕೆಲವು ಸಾವಿರ ರೂಪಾಯಿ ಸೇರಿಸುತ್ತಾರೆ. ಆ ಹಣ ಕೊಡುವ ಮೊದಲು ಬಣ್ಣ ಎಂದರೇನು, ಅದರ ಶತ್ರುಗಳು ಯಾರು ಎಂಬುದನ್ನು ತಿಳಿಯುವುದು ಒಳ್ಳೆಯದು.

ಕೂದಲೆಳೆಯಷ್ಟು ಕವಚ

ಕಾರಿನ ಉಕ್ಕಿನ ತಗಡಿನ ಮೇಲೆ ಇರುವುದು ಒಂದೇ ಪದರವಲ್ಲ. ಮೊದಲಿಗೆ ಫಾಸ್ಫೇಟ್ ಸಂಸ್ಕಾರ. ನಂತರ ಇಡೀ ಕವಚವನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆ ಮೂಲೆಗೂ ಪ್ರೈಮರ್ ಅಂಟುವಂತೆ ಮಾಡುತ್ತಾರೆ. ಅದರ ಮೇಲೆ ಇನ್ನೊಂದು ಪ್ರೈಮರ್, ಆ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಗಾಜಿನಂತೆ ಪಾರದರ್ಶಕವಾದ 'ಕ್ಲಿಯರ್ ಕೋಟ್'. ಇಷ್ಟೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40 ಮೈಕ್ರಾನ್. ನಿಮ್ಮ ತಲೆಗೂದಲಿಗಿಂತ ತೆಳುವು.

ಹೊಳಪು ಕೊಡುವುದು ಈ ತೆಳು ಪದರವೇ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳು ಇರುವುದೂ ಇದರಲ್ಲೇ. ಗೀರು ಹೋಗಲಿ ಎಂದು ಯಂತ್ರ ಹಿಡಿದು ಪಾಲಿಶ್ ಮಾಡಿಸಿದಾಗ ಗೀರು ತುಂಬಿಕೊಳ್ಳುವುದಿಲ್ಲ. ಸುತ್ತಲಿನ ಕ್ಲಿಯರ್ ಕೋಟನ್ನೇ ಗೀರಿನ ಆಳದವರೆಗೆ ಸವೆಸಲಾಗುತ್ತದೆ. ಹೀಗೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಹೊಸ ಕಾರಿನ ಹೊರಮೈಯನ್ನು ಕಾಪಾಡುವುದೆಂದರೆ ಈ 40 ಮೈಕ್ರಾನ್ ಉಳಿಸಿಕೊಳ್ಳುವುದು ಎಂದೇ ಅರ್ಥ.

ನೆತ್ತಿಯ ಮೇಲಿನ ಸೂರ್ಯ

ನಮ್ಮ ಐದು ತಾಲ್ಲೂಕುಗಳು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ಸೂರ್ಯ ಮಧ್ಯಾಹ್ನ ನೇರ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಬಾರಿ: ಏಪ್ರಿಲ್ ಕೊನೆಯ ಹೊತ್ತಿಗೆ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ. ಆಗಸ್ಟಿನಲ್ಲಿ ಮೋಡ ಅಡ್ಡ ಬರಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಆ ಭಾಗ್ಯ ಅಪರೂಪ. ಆಗ ಕಾರಿನ ಛಾವಣಿಯ ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ಬೀಳುತ್ತದೆ.

ಆ ಬೆಳಕಿನಲ್ಲಿ ಅತಿನೇರಳೆಯ ಪಾಲು ಕಡಿಮೆ. ಹಾನಿಯಲ್ಲಿ ಮಾತ್ರ ಅದರ ಪಾಲು ದೊಡ್ಡದು. ಕ್ಲಿಯರ್ ಕೋಟ್ ಒಂದು ಬಗೆಯ ಪ್ಲಾಸ್ಟಿಕ್. ಅದರ ಬೆನ್ನೆಲುಬು ಕಾರ್ಬನ್-ಕಾರ್ಬನ್ ಬಂಧ. ಈ ಬಂಧವನ್ನು ಮುರಿಯಲು ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 300 ನ್ಯಾನೋಮೀಟರ್ ತರಂಗದೂರದ ಅತಿನೇರಳೆ ಫೋಟಾನಿನಲ್ಲಿ 4.1 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಹಸಿರು ಬೆಳಕಿನ ಫೋಟಾನಿನಲ್ಲಿ ಇರುವುದು ಎರಡೂಕಾಲು ಮಾತ್ರ. ಎಷ್ಟೇ ಪ್ರಖರವಾದ ಹಸಿರು ಬೆಳಕೂ ಮಾಡಲಾಗದ ಕೆಲಸವನ್ನು ಅತಿನೇರಳೆ ಮಾಡುವುದು ಇದರಿಂದಲೇ. ಬಂಧಗಳು ಮುರಿದಂತೆ ಹಳೆಯ ಕಾರುಗಳ ಛಾವಣಿ ಮೊದಲು ಮಂಕಾಗಿ, ಆಮೇಲೆ ಹಾವು ಪೊರೆ ಬಿಟ್ಟಂತೆ ಸುಲಿಯುವುದನ್ನು ನೀವು ನೋಡಿರಬಹುದು.

ಬಿಳಿಯೋ, ಕಪ್ಪೋ?

ಈಗ ಬಣ್ಣದ ಮಾತಿಗೆ ಬರೋಣ. ಸುಮಾರು 2 ಚದರ ಮೀಟರ್ ಛಾವಣಿಯ ಕಾರೊಂದನ್ನು ಬಯಲಲ್ಲಿ ನಿಲ್ಲಿಸಿದ್ದೀರಿ ಎನ್ನಿ. ಬೀಳುವ ಶಕ್ತಿ 2000 ವ್ಯಾಟ್. ಕಪ್ಪು ಬಣ್ಣ ಅದರಲ್ಲಿ ಶೇ. 95ರಷ್ಟನ್ನು ನುಂಗುತ್ತದೆ, ಎಂದರೆ 1900 ವ್ಯಾಟ್. ಶೇ. 70ರಷ್ಟನ್ನು ಹಿಂದಿರುಗಿಸುವ ಬಿಳಿ ಬಣ್ಣ ಉಳಿಸಿಕೊಳ್ಳುವುದು 600 ವ್ಯಾಟ್. ಒಂದು ಸಾಮಾನ್ಯ ಇಸ್ತ್ರಿಪೆಟ್ಟಿಗೆ 1000 ವ್ಯಾಟ್ ಎಂದು ನೆನಪಿಸಿಕೊಂಡರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಇದು ಬರಿಯ ಲೆಕ್ಕವಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಒಂದೇ ಮಾದರಿಯ ಎರಡು ಕಾರುಗಳನ್ನು, ಒಂದು ಕಪ್ಪು, ಇನ್ನೊಂದು ಬೆಳ್ಳಿ ಬಣ್ಣದ್ದು, ಬಿಸಿಲಲ್ಲಿ ನಿಲ್ಲಿಸಿ ಅಳೆದು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಪ್ಪು ಕಾರಿನ ಛಾವಣಿ 25 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚು ಬಿಸಿಯಾಗಿತ್ತು. ಒಳಗಿನ ಗಾಳಿಯ ವ್ಯತ್ಯಾಸ 5-6 ಡಿಗ್ರಿ. ಒಳಗಿನ ವ್ಯತ್ಯಾಸ ಇಷ್ಟು ಕಡಿಮೆ ಏಕೆ? ಬಿಸಿಲು ಗಾಜಿನ ಮೂಲಕವೂ ಒಳಹೊಗುತ್ತದೆ. ಗಾಜಿಗೆ ಮೈಬಣ್ಣದ ಹಂಗಿಲ್ಲ. ಆದ್ದರಿಂದ ಬಿಳಿ ಕಾರೆಂಬ ಧೈರ್ಯದಲ್ಲಿ ಮುಚ್ಚಿದ ಕಾರಿನೊಳಗೆ ಮಗುವನ್ನು ಐದು ನಿಮಿಷವೂ ಬಿಡಬಾರದು.

ಛಾವಣಿ ಬಿಸಿಯಾದರೆ ಬಣ್ಣಕ್ಕೇನು? ಉಷ್ಣತೆ 10 ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ನಿಯಮ. ಅತಿನೇರಳೆ ಆರಂಭಿಸಿದ ಹಾನಿಯನ್ನು ಕಾವು ಮುಂದುವರಿಸುತ್ತದೆ. ಗಾಢ ಬಣ್ಣ ಇಲ್ಲಿ ಬೇಗ ಮುಪ್ಪಾಗುವುದಕ್ಕೆ ಇದೊಂದು ಕಾರಣ.

ಬಿಳಿ ಬಣ್ಣದಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್ ಕಣಗಳು. ಇವುಗಳ ವಕ್ರೀಭವನ ಸೂಚ್ಯಂಕ ಸುಮಾರು 2.7, ಸುತ್ತಲಿನ ರಾಳದ್ದು 1.5. ಈ ದೊಡ್ಡ ಅಂತರದಿಂದಾಗಿ ಬೆಳಕು ಎಲ್ಲ ದಿಕ್ಕಿಗೂ ಚದರುತ್ತದೆ. ಇದರಿಂದ ಇನ್ನೊಂದು ಲಾಭವಿದೆ. ಗೀರು ಎಂದರೆ ಬೆಳಕನ್ನು ಚದರಿಸುವ ಒಂದು ಸಣ್ಣ ಕಾಲುವೆ. ಕಪ್ಪು ಹಿನ್ನೆಲೆಯಲ್ಲಿ ಅದು ಬೆಳ್ಳಗೆ ಎದ್ದು ಕಾಣುತ್ತದೆ. ಮೊದಲೇ ಬೆಳಕು ಚದರಿಸುತ್ತಿರುವ ಬಿಳಿ ಹಿನ್ನೆಲೆಯಲ್ಲಿ ಅದೇ ಗೀರು ಕಲೆತುಹೋಗುತ್ತದೆ.

ಸುರಕ್ಷತೆಯ ಮಾತೂ ಇದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ 2007ರ ಅಧ್ಯಯನವೊಂದು ಹಗಲಿನಲ್ಲಿ ಬಿಳಿ ಕಾರಿಗಿಂತ ಕಪ್ಪು ಕಾರಿಗೆ ಅಪಘಾತದ ಸಂಭವ ಸುಮಾರು ಶೇ. 12 ಹೆಚ್ಚೆಂದು ಕಂಡಿತು.

ಹಾಗಾದರೆ ಬಿಳಿಯೇ ಸರಿಯೆ? ಒಂದು ತೊಡಕಿದೆ. ನಮ್ಮ ಕೆಂಪು ಮಣ್ಣಿನ ದೂಳು ಬಿಳಿಯ ಮೇಲೆ ತಕ್ಷಣ ಕಾಣುತ್ತದೆ. ಕಂಡೊಡನೆ ಕೈ ಬಟ್ಟೆಯನ್ನು ಹುಡುಕುತ್ತದೆ. ಬೆಳ್ಳಿ, ತಿಳಿಬೂದು ಅಥವಾ ಮರಳಿನ ಬಣ್ಣ ದೂಳನ್ನು ಸ್ವಲ್ಪ ಮರೆಮಾಚುತ್ತವೆ, ಬಿಸಿಲನ್ನೂ ತಕ್ಕಮಟ್ಟಿಗೆ ಹಿಂದಿರುಗಿಸುತ್ತವೆ. ಬೇಲಿ ತಾಗಿದರೆ, ಗೋಡೆ ಉಜ್ಜಿದರೆ ಹೊಂದುವ ಬಣ್ಣ ಹಚ್ಚಿಸಲು ಸುಲಭ ಸಾದಾ ಬಿಳಿ. ಮುತ್ತಿನ ಹೊಳಪಿನ ಬಿಳಿ ಹಾಗಲ್ಲ. ಅದರ ಪದರಗಳು ಹೆಚ್ಚು, ಖರ್ಚೂ ಹೆಚ್ಚು.

ದೂಳೇ ದೊಡ್ಡ ಶತ್ರು

ಬಟ್ಟೆಯ ಮಾತು ಬಂತು. ಕಾರಿನ ಹೊರಮೈ ಅತಿ ಹೆಚ್ಚು ಹಾಳಾಗುವುದು ನಾವು ಪ್ರೀತಿಯಿಂದ ಮಾಡುವ ಒಂದು ಕೆಲಸದಿಂದ. ಬೆಳಗ್ಗೆ ಎದ್ದು ಒಣ ಬಟ್ಟೆಯಿಂದ ಕಾರು ಒರೆಸುವುದೇ ಆ ಕೆಲಸ.

ಕೂಡ್ಲಿಗಿ, ಕೊಟ್ಟೂರು ಕಡೆಯ ಕೆಂಪು ಮಣ್ಣು ಗ್ರಾನೈಟ್ ಮತ್ತು ನೈಸ್ ಶಿಲೆಗಳು ಶಿಥಿಲವಾಗಿ ಆದದ್ದು. ಅದರಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳು ತುಂಬಿವೆ. ಮೋಸ್ ಗಡಸುತನದ ಮಾಪಕದಲ್ಲಿ ಬೆಣಚುಕಲ್ಲು 7ನೆಯ ಸ್ಥಾನದಲ್ಲಿದೆ. ಅದು ಗಾಜನ್ನೇ ಗೀರುತ್ತದೆ, ಪ್ಲಾಸ್ಟಿಕ್ಕಿನ ಪಾಡೇನು? ಸಂಡೂರಿನ ಗಣಿಗಳ ಕಡೆಯಿಂದ ಬರುವ ಕಬ್ಬಿಣದ ಅದಿರಿನ ದೂಳೂ ಕ್ಲಿಯರ್ ಕೋಟಿಗಿಂತ ಬಹಳ ಗಡಸು. ದೂಳು ಕೂತ ಬಾನೆಟ್ಟಿನ ಮೇಲೆ ಒಣ ಬಟ್ಟೆ ಎಳೆದರೆ ಅದು ಬಟ್ಟೆಯಲ್ಲ, ಮರಳು ಕಾಗದ. ದೂಳಿನ ಕಾರಿನ ಮೇಲೆ ಹೊದಿಸಿದ ಕವರು ಗಾಳಿಗೆ ಬಡಿದಾಡಿದರೂ ಇದೇ ಫಲ.

ಗೀರಿನ ಆಳ ಒಂದು ಮೈಕ್ರಾನ್ ಇದ್ದರೂ ಸಾಕು. ಅದು ಬೆಳಕಿನ ತರಂಗದೂರದ ಎರಡರಷ್ಟು. ನಾರಿನಿಂದ ತಿಕ್ಕಿದ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದರೆ ಸೂರ್ಯನ ಪ್ರತಿಬಿಂಬದ ಸುತ್ತ ಬಳೆಯಂತಹ ಗೆರೆಗಳು ಕಾಣುತ್ತವಲ್ಲ, ಅವೇ ಗೆರೆಗಳು ಎರಡು ವರ್ಷ ಒಣ ಒರೆಸಿದ ಕಾರಿನ ಮೇಲೂ ಕಾಣುತ್ತವೆ.

ಪರಿಹಾರಕ್ಕೆ ಹಣ ಬೇಡ. ಮೊದಲು ನೀರು, ಆಮೇಲೆ ಬಟ್ಟೆ. ನೀರು ಸುರಿದು ಕಣಗಳನ್ನು ಹರಿಯಗೊಡಿ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರಿನ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಛಾವಣಿಯಿಂದ ಆರಂಭಿಸಿ ಕೆಳಕ್ಕೆ ಬನ್ನಿ. ನೀರಿಗೆ ತತ್ವಾರವಿದ್ದಾಗ ಏನು ಮಾಡುವುದು? ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಉಳಿದ ದಿನ ಗಾಜು, ದೀಪಗಳನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ ಮೈಯನ್ನು ಮುಟ್ಟದೆ ಬಿಡಿ. ಸುಮ್ಮನೆ ಕೂತ ದೂಳು ಗೀರುವುದಿಲ್ಲ. ಉಜ್ಜಿದ ದೂಳು ಗೀರುತ್ತದೆ.

ಕೊಳವೆಬಾವಿ, ಹಕ್ಕಿ, ಭಂಡಾರ

ನಮ್ಮ ಕೊಳವೆಬಾವಿಗಳ ನೀರು ಬಹುತೇಕ ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ನೀರು ಆರಿದಾಗ ಕಾರ್ಬೊನೇಟಾಗಿ ಬಿಳಿ ಚುಕ್ಕೆ ಉಳಿಸುತ್ತದೆ. ಸ್ನಾನದ ಹಂಡೆಯೊಳಗೆ ಕಟ್ಟುವ ಗಾರೆಯೂ ಇದೇ. ಬಿಸಿ ಬಾನೆಟ್ಟಿನ ಮೇಲೆ ನೀರು ಸುರಿದರೆ ಒರೆಸುವ ಮೊದಲೇ ಆರುತ್ತದೆ. ಹಾಗಾಗಿ ಬೆಳಗ್ಗೆ ಅಥವಾ ಸಂಜೆ, ನೆರಳಿನಲ್ಲಿ ತೊಳೆದು, ತಕ್ಷಣ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಹೀರಿಸಿ. ಮಳೆನೀರೋ ಹೊಳೆನೀರೋ ಒಂದು ಬಕೆಟ್ ಸಿಕ್ಕರೆ ಕೊನೆಯ ಜಾಲಾಟಕ್ಕೆ ಅದು ಉತ್ತಮ.

ಹಕ್ಕಿಯ ಹಿಕ್ಕೆಯನ್ನು ಮಾತ್ರ ವಾರದವರೆಗೆ ಬಿಡಬೇಡಿ. ಅದರಲ್ಲಿ ಯೂರಿಕ್ ಆಮ್ಲವಿದೆ. ಜೊತೆಗೆ, ಬಿಸಿಲಿಗೆ ಮೆದುವಾದ ಕ್ಲಿಯರ್ ಕೋಟ್ ಸಂಜೆ ತಂಪಾಗಿ ಗಟ್ಟಿಯಾಗುವಾಗ ಒಣಗಿದ ಹಿಕ್ಕೆಯ ಒರಟು ಅಚ್ಚನ್ನೇ ತಳೆಯುತ್ತದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹಕ್ಕಿ ನೋಡಲು ಹೋಗುವವರು ಕಾರನ್ನು ಮರಗಳಿಂದ ದೂರ ನಿಲ್ಲಿಸುವುದು ಲೇಸು. ಹಿಕ್ಕೆ ಬಿದ್ದರೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ, ತಿಕ್ಕಬೇಡಿ.

ಮೈಲಾರದ ಜಾತ್ರೆಗೆ ಹೋದ ಕಾರಿಗೆ ಭಂಡಾರ ತಗುಲದೆ ಇರದು. ಅರಿಸಿನದ ಕಲೆಗೆ ಬಟ್ಟೆ ತೊಳೆಯುವ ಸೋಪು ಹಚ್ಚಿದರೆ ಕ್ಷಾರದಿಂದ ಅದು ಕೆಂಪಾಗಿ ಗಾಬರಿ ಹುಟ್ಟಿಸುತ್ತದೆ. ನೀರಿನಿಂದ ತೊಳೆದು ಬಿಡಿ; ಅರಿಸಿನದ ಬಣ್ಣವಾದ ಕುರ್ಕುಮಿನ್ ಬಿಸಿಲಿಗೆ ತಾನೇ ಮಾಸುತ್ತದೆ. ವಾಹನಪೂಜೆಯ ನಿಂಬೆರಸವನ್ನೂ ಅಂದೇ ತೊಳೆಯಿರಿ, ಅದು ಆಮ್ಲ.

ಮಳಿಗೆಯ ಲೇಪನಗಳು

ಈಗ ಬಿಲ್ಲಿಗೆ ಸೇರುವ ಬಾಬತ್ತುಗಳನ್ನು ನೋಡೋಣ. 'ಟೆಫ್ಲಾನ್ ಕೋಟಿಂಗ್' ಎಂಬುದು ಹೆಸರುವಾಸಿ. ಅಡುಗೆಯ ಬಾಣಲೆಗೆ ಟೆಫ್ಲಾನ್ ಹಿಡಿಸಲು 350 ಡಿಗ್ರಿಗೂ ಮೀರಿ ಕಾಯಿಸಬೇಕು. ಕಾರಿನ ಬಣ್ಣವನ್ನು ಹಾಗೆ ಕಾಯಿಸಿದರೆ ಸುಟ್ಟೇ ಹೋಗುತ್ತದೆ. ಆದ್ದರಿಂದ ಕಾರಿಗೆ ಹಚ್ಚುವುದು ಬಾಣಲೆಯ ಲೇಪನವಲ್ಲ, ಒಂದು ಬಗೆಯ ಪಾಲಿಶ್; ಕೆಲವು ತಿಂಗಳಲ್ಲಿ ತೊಳೆದುಹೋಗುವಂಥದ್ದು.

'ಸೆರಾಮಿಕ್ ಕೋಟಿಂಗ್' ಸಿಲಿಕಾನ್-ಆಮ್ಲಜನಕ ಬಂಧಗಳ ಪದರ, ದಪ್ಪ ಒಂದೆರಡು ಮೈಕ್ರಾನ್. ನೀರು ಹನಿಗಟ್ಟಿ ಉರುಳುತ್ತದೆ, ದೂಳು ಕಡಿಮೆ ನೀರಿನಲ್ಲೇ ಹೋಗುತ್ತದೆ, ಹಿಕ್ಕೆಯ ಹಾನಿ ತುಸು ತಗ್ಗುತ್ತದೆ. ಇವೆಲ್ಲ ನಿಜ. ಆದರೆ '9ಎಚ್ ಗಡಸುತನ' ಎಂದಾಗ ಮೋಸಹೋಗಬೇಡಿ. ಅದು ವಜ್ರವನ್ನು 10 ಎನ್ನುವ ಮೋಸ್ ಮಾಪಕವಲ್ಲ. ಪೆನ್ಸಿಲ್ಲಿನಿಂದ ಗೀರಿ ನೋಡುವ ಪರೀಕ್ಷೆ. ಬೆಣಚುಕಲ್ಲಿನ ಹರಳು ಅದನ್ನೂ ಗೀರುತ್ತದೆ. ಒಣ ಒರೆಸುವ ಅಭ್ಯಾಸ ಬಿಡದವರಿಗೆ ಈ ಹಣ ವ್ಯರ್ಥ.

ಕಲ್ಲಿನೇಟಿಗೆ ನಿಜವಾದ ತಡೆ ಎಂದರೆ 150ರಿಂದ 200 ಮೈಕ್ರಾನಿನ ಪಾಲಿಯುರೆಥೇನ್ ಹಾಳೆ. ದುಬಾರಿ. ಕೂಡ್ಲಿಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಟಿಪ್ಪರುಗಳ ಹಿಂದೆ ನಿತ್ಯ ಓಡಾಡುವವರು ಬಂಪರ್ ಮತ್ತು ಬಾನೆಟ್ಟಿನ ಮುಂಚಿಗೆ ಮಾತ್ರ ಹಾಕಿಸಿದರೆ ಸಾಕು. ಟಿಪ್ಪರಿನಿಂದ ದೂರ ಉಳಿಯುವುದಕ್ಕೆ ಖರ್ಚಿಲ್ಲ.

ಕೆಳಮೈಯ ತುಕ್ಕುನಿರೋಧಕ ಲೇಪನ? ತುಕ್ಕಿಗೆ ನೀರೂ ಆಮ್ಲಜನಕವೂ ಬೇಕು. ಉಪ್ಪು ಅದನ್ನು ತ್ವರೆಗೊಳಿಸುತ್ತದೆ. ಕಾರವಾರ, ಮಂಗಳೂರಿನಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚಿನ ಮಳೆ, ಜೊತೆಗೆ ಕಡಲ ಉಪ್ಪು. ಅಲ್ಲಿ ಅದು ಬೇಕೇ ಬೇಕು. ನಮ್ಮದು 600 ಮಿಲಿಮೀಟರಿನ ಆಸುಪಾಸಿನ ಒಣ ಸೀಮೆ. ಕಾರ್ಖಾನೆಯ ಪ್ರೈಮರೇ ಬಹುಮಟ್ಟಿಗೆ ಸಾಕು. ಎಚ್ಚರ ಬೇಕಾದದ್ದು ಎರೆಮಣ್ಣಿನ ಕಡೆ. ಮಳೆಗಾಲದಲ್ಲಿ ಚಕ್ರದ ಮೇಲಿನ ಕಮಾನಿಗೆ ಮೆತ್ತಿದ ಎರೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ, ಬಾಗಿಲ ಕೆಳಗಿನ ನೀರುಕಿಂಡಿಗಳನ್ನು ಮುಚ್ಚುತ್ತದೆ. ಅದನ್ನು ಜೋರು ನೀರಿನಿಂದ ತೊಳೆಸಿ, ಕಿಂಡಿಗಳನ್ನು ಬಿಡಿಸಿ. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪೆಯ ಮೇಲೆ ಹಾದುಬಂದಿದ್ದರೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಬಿಸಿ ಸೈಲೆನ್ಸರಿಗೆ ಸುತ್ತಿದ ಸೊಪ್ಪೆ ಹೊತ್ತಿಕೊಂಡರೆ ಯಾವ ಲೇಪನವೂ ಉಳಿಸಲಾರದು.

ಹಣ ಎಲ್ಲಿಗೆ ಮೊದಲು?

ನೆರಳಿಗೆ. ಮನೆಯ ಪಕ್ಕ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದರೆ ಅತಿನೇರಳೆ, ಕಾವು, ಹಿಕ್ಕೆ ಮೂರನ್ನೂ ಒಮ್ಮೆಗೇ ತಡೆದಂತಾಯಿತು. ಅದರ ನಂತರ ಎರಡು ಬಕೆಟ್, ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ. ಆಮೇಲೆ ನಾಲ್ಕು ಚಕ್ರಕ್ಕೂ ಮಡ್ ಫ್ಲ್ಯಾಪ್. ಲೋಹ ಕಾಣುವಷ್ಟು ಬಣ್ಣ ಸಿಡಿದ ಕಡೆ ಹಚ್ಚಲು ಒಂದು ಸಣ್ಣ ಟಚ್‌ಅಪ್ ಸೀಸೆ. ಇಷ್ಟಾದ ಮೇಲೂ ಹಣ ಉಳಿದರೆ ಸೆರಾಮಿಕ್ಕಿನ ಮಾತು.

ಕಾರು ಪಡೆಯುವ ದಿನ ಇನ್ನೊಂದು ಕೆಲಸವಿದೆ. ಮಳಿಗೆಯ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಬಾನೆಟ್, ಬಾಗಿಲುಗಳ ಮೇಲೆ ಓರೆಯಾಗಿ ನೋಡಿ. ಪ್ರತಿಬಿಂಬ ನೇರವಾಗಿದ್ದರೆ ಮೈ ಚೆನ್ನಾಗಿದೆ; ಒಂದು ಕಡೆ ಅಲೆಯಂತೆ ನಡುಗಿದರೆ ಅಲ್ಲಿ ಮತ್ತೆ ಬಣ್ಣ ಹಚ್ಚಿರಬಹುದು, ಕೇಳಿ ತಿಳಿಯಿರಿ. ಹೂವಿನ ಹಾರ ಹಾಕುವ ಮುನ್ನ ಹುಡುಗನೊಬ್ಬ ಒಣ ಬಟ್ಟೆ ಹಿಡಿದು ಓಡಿಬರುತ್ತಾನೆ. "ಬೇಡಪ್ಪಾ, ಮೊದಲು ನೀರು ಹಾಕು" ಎಂದು ಆಗಲೇ ಹೇಳಿಬಿಡಿ.